ಹಿನ್ನೀರು ಮುಗಿದು ಹೊಳೆ ಶುರುವಾಗುವಲ್ಲಿ

ಪಾಸಾವ್ ಊರಿನ ಹಳೆಯ ಪುರಭವನದ ಗೋಡೆಯ ಮೇಲೆ ನೆರೆಯ ಲೆಕ್ಕ ಬರೆದಿಟ್ಟಿದ್ದಾರೆ. ಒಂದು ಇಸವಿ, ಅದರ ಪಕ್ಕ ಒಂದು ಗೆರೆ. ಆ ವರ್ಷ ಡ್ಯಾನ್ಯೂಬ್ ಅಲ್ಲಿಯವರೆಗೆ ಏರಿತ್ತು ಎಂದು ಅರ್ಥ. ಎಲ್ಲಕ್ಕಿಂತ ಮೇಲಿರುವುದು 1501. ಅದರ ಕೆಳಗೆ 2013. ನಾನು ತುದಿಗಾಲಲ್ಲಿ ನಿಂತು ಕೈ ಚಾಚಿದರೂ 2013ರ ಗೆರೆ ಎಲ್ಲೋ ಮೇಲಿತ್ತು. ಐನೂರು ವರ್ಷಗಳಲ್ಲಿ ಆ ಊರು ಅಷ್ಟು ನೀರು ಕಂಡಿರಲಿಲ್ಲವಂತೆ.

"ಅಕ್ಕಾ, ಬಾರೇ, ಹಡಗಿನವರು ಕಾಯ್ತಿರ್ತಾರೆ" ಎಂದು ತಂಗಿ ಎರಡು ಸಲ ಕರೆದಳು. ಅವಳು ಮ್ಯೂನಿಕ್‌ನಲ್ಲಿ ನೆಲೆಸಿ ಹದಿನೆಂಟು ವರ್ಷವಾಯಿತು. ನೀರಿನ ಗುರುತು ಕಂಡಲ್ಲಿ ನಾನು ನಿಂತುಬಿಡುತ್ತೇನೆ ಎಂಬುದು ಅವಳಿಗೆ ಗೊತ್ತು, ಯಾಕೆ ಎಂಬುದೂ ಗೊತ್ತು. ನಾವು ಸಾಗರ ತಾಲ್ಲೂಕಿನವರು. ಅಮ್ಮನ ತವರು ಲಿಂಗನಮಕ್ಕಿಯ ಹಿನ್ನೀರಿನಡಿ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಪ್ಪು ಬೊಡ್ಡೆಗಳು ಮೇಲೇಳುತ್ತವೆ. ಅವುಗಳ ಗುರುತು ಹಿಡಿದು ಅಮ್ಮ ಲಾಂಚಿನ ಕಟಾಂಜನದ ಬಳಿ ನಿಂತು "ಅಗಾ, ಅಲ್ಲಿ ನಮ್ಮ ಗದ್ದೆ" ಎಂದು ಕೈ ತೋರಿಸುತ್ತಿದ್ದಳು. ಈಗ ಲಾಂಚಿನ ಬದಲು ಸಿಗಂದೂರಿಗೆ ಸೇತುವೆ ಆಗಿದೆ. ಅಮ್ಮನೂ ಇಲ್ಲ.

ಪಾಸಾವ್‌ನಲ್ಲಿ ಮೂರು ಹೊಳೆ ಕೂಡುತ್ತವೆ. ಬವೇರಿಯಾದ ಕಾಡಿನ ಜೌಗುನೆಲದಿಂದ ಬರುವ ಇಲ್ಟ್ಸ್ ಕಪ್ಪು, ಚಹಾದ ಡಿಕಾಕ್ಷನ್ನಿನ ಹಾಗೆ. ಆಲ್ಪ್ಸ್‌ನ ಹಿಮ ಕರಗಿ ಬರುವ ಇನ್ ಹಾಲು ಬೆರೆಸಿದ ಹಸಿರು. ನಡುವೆ ಡ್ಯಾನ್ಯೂಬ್. ಮೂಲೆಯ ಕಟ್ಟೆಯ ಮೇಲೆ ನಿಂತರೆ ಸ್ವಲ್ಪ ದೂರದವರೆಗೂ ಬಣ್ಣಗಳು ಬೇರೆಬೇರೆಯಾಗಿಯೇ ಹೋಗುವುದು ಕಾಣುತ್ತದೆ. ವರ್ಷದ ಸರಾಸರಿ ತೆಗೆದರೆ ಇಲ್ಲಿ ಹೆಚ್ಚು ನೀರು ತರುವುದು ಇನ್ ನದಿಯೇ. ಆದರೂ ಮುಂದಕ್ಕೆ ಹೆಸರು ಡ್ಯಾನ್ಯೂಬಿನದು. ನಮ್ಮ ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿದಾಗ ಎರಡೂ ಹೆಸರನ್ನು ಉಳಿಸಿಕೊಂಡರಲ್ಲ, ಅದು ಎಷ್ಟು ದೊಡ್ಡ ಮನಸ್ಸು ಎಂದು ನನಗೆ ಹೊಳೆದದ್ದು ಅಲ್ಲಿ ನಿಂತಾಗಲೇ.

ಡ್ಯಾನ್ಯೂಬ್ ಹಿಡಿದು ಕೆಳಕ್ಕೆ ನಾವು ಹೋಗಬೇಕಿದ್ದ ಹಡಗು ನೂರಹತ್ತು ಮೀಟರ್ ಉದ್ದ, ಅಗಲ ಕಡಿಮೆ, ಎತ್ತರವೂ ಕಡಿಮೆ. ಸೇತುವೆಗಳ ಅಡಿಯಲ್ಲಿ ನುಗ್ಗಬೇಕಲ್ಲ. ತಗ್ಗಿನ ಸೇತುವೆ ಬಂದಾಗ ಕ್ಯಾಪ್ಟನ್‌ನ ಕೋಣೆಯೇ ಕೆಳಕ್ಕೆ ಕುಸಿದು ಕೂರುತ್ತದೆ, ಮೇಲಟ್ಟದ ಕಂಬಿಗಳು ಮಡಚಿಕೊಳ್ಳುತ್ತವೆ. ಮೇಲಟ್ಟದ ಹಿಂಭಾಗದಲ್ಲಿ ಸೈಕಲ್ಲುಗಳ ಸಾಲು, ಪ್ರತಿಯೊಂದಕ್ಕೂ ನಂಬರು. ನನ್ನದು 43. ಬೆಳಿಗ್ಗೆ ತಿಂಡಿ ಮುಗಿಸಿ ದಂಡೆಗೆ ಇಳಿದು ಮೂವತ್ತು ನಲವತ್ತು ಕಿಲೋಮೀಟರ್ ಸೈಕಲ್ ತುಳಿಯುವುದು, ಹಡಗು ಮುಂದೆ ಹೋಗಿ ಮತ್ತೊಂದು ಊರಿನಲ್ಲಿ ಕಾಯುವುದು, ಸಂಜೆ ಹತ್ತಿದರೆ ಅದೇ ಮಂಚ, ಅದೇ ದಿಂಬು. ಕೂತಲ್ಲೇ ಕೂರುವವರಿಗೆ ಹಡಗಿನಲ್ಲಿ ಕುರ್ಚಿಗಳೂ ಇದ್ದವು, ಕೂತವರೂ ಇದ್ದರು. ನನಗೆ ಐವತ್ತೊಂಬತ್ತು. ಹೈಸ್ಕೂಲಿಗೆ ಪಾಠ ಹೇಳಲು ಆರು ಕಿಲೋಮೀಟರ್ ಸೈಕಲ್ ಹೊಡೆದ ಕಾಲುಗಳಿವು. ಏರು ಬಂದಾಗ ಬ್ಯಾಟರಿ ಸೈಕಲ್ಲಿನ ಗುಂಡಿ ಒತ್ತುತ್ತಿದ್ದೆ.

ಮೊದಲ ಸಂಜೆ ಯೋಖೆನ್‌ಸ್ಟೈನ್ ಬಂತು. ಜರ್ಮನಿ, ಆಸ್ಟ್ರಿಯಾಗಳ ಗಡಿಯ ಅಣೆಕಟ್ಟು, 1956ರಲ್ಲಿ ಮುಗಿದದ್ದು. ಹಡಗು ಕಾಂಕ್ರೀಟಿನ ಉದ್ದನೆಯ ತೊಟ್ಟಿಯೊಳಗೆ ಹೊಕ್ಕಿತು, ಹಿಂದೆ ಗೇಟು ಮುಚ್ಚಿತು. ಯಾವ ಸದ್ದೂ ಇಲ್ಲದೆ ನಾವು ಇಳಿಯತೊಡಗಿದೆವು. ಅಷ್ಟು ಹೊತ್ತು ಕಾಣುತ್ತಿದ್ದ ಬೆಟ್ಟ, ಮನೆ, ಮರ ಎಲ್ಲ ಗೋಡೆಯ ಹಿಂದೆ ಮರೆಯಾಗುತ್ತ ಹೋಗಿ ಕೊನೆಗೆ ತಲೆಯ ಮೇಲೆ ಒಂದು ಪಟ್ಟಿಯಷ್ಟು ಆಕಾಶ ಉಳಿಯಿತು. ಕೈಗೆಟಕುವಷ್ಟು ಹತ್ತಿರದಲ್ಲಿ ಗೋಡೆ. ಪಾಚಿ, ನೀರಿನ ಹನಿ, ಸಂದಿಯಲ್ಲಿ ಅಂಟಿಕೊಂಡ ಸಣ್ಣ ಶಂಖದ ಹುಳು. ಸುಮಾರು ಹತ್ತು ಮೀಟರ್ ಇಳಿದ ಮೇಲೆ ಎದುರಿನ ಗೇಟು ತೆರೆಯಿತು. ವಾಸನೆ ಮಾತ್ರ ಮೂಗಿನಲ್ಲಿ ಉಳಿಯಿತು: ತಂಪು, ಕೆಸರು, ಹಳೆಯ ಬಾವಿ. ಅದು ನನಗೆ ಚೆನ್ನಾಗಿ ಗೊತ್ತಿದ್ದ ವಾಸನೆ.

ಮಾರನೇ ದಿನ ಶ್ಲೋಗನ್ ಬಳಿ ಸೈಕಲ್ ಒರಗಿಸಿ ಬೆಟ್ಟ ಹತ್ತಿದೆವು. ಬೀಚ್ ಮರಗಳ ನಡುವೆ ಅರ್ಧ ಗಂಟೆಯ ಕಡಿದಾದ ಏರು. ಮೇಲೆ ಬಂಡೆಯ ಅಂಚಿಗೆ ಬಂದರೆ ಕೆಳಗೆ ಡ್ಯಾನ್ಯೂಬ್ ಇಡೀ ಮೈ ತಿರುಗಿಸಿ ಬಂದ ದಾರಿಗೇ ಮುಖ ಮಾಡಿ ಹೋಗುತ್ತಿತ್ತು. ಗಟ್ಟಿ ಕಲ್ಲಿನ ಬೆಟ್ಟ ಎದುರಾಗಿ ಬೇರೆ ದಾರಿಯೇ ಸಿಗದೆ ನದಿ ಹೀಗೆ ಬಳಸಿದೆ. ಆಸ್ಟ್ರಿಯಾದ ಅತಿ ಹೆಚ್ಚು ಚಿತ್ರಗಳಲ್ಲಿ ಕಾಣುವ ನೋಟಗಳಲ್ಲಿ ಇದೂ ಒಂದು. ಎಲ್ಲರೂ ಫೋಟೊ ತೆಗೆದರು. ನಾನು ಆ ನೀರನ್ನೇ ನೋಡುತ್ತ ನಿಂತೆ. ಕಡು ಹಸಿರು, ಒಂದು ಸುಕ್ಕೂ ಇಲ್ಲ, ಕಾಡಿನ ನೆರಳು ಅಂಚಿನಿಂದ ಅಂಚಿಗೆ ಕದಲದೆ ಮಲಗಿತ್ತು.

"ಇದು ಹಿನ್ನೀರು ಕಣೇ" ಎಂದೆ ತಂಗಿಗೆ.

ಅವಳು ಮೊಬೈಲಿನಲ್ಲಿ ನೋಡಿ ಹೌದೆಂದಳು. ಕೆಳಗಡೆ ಆಶಾಖ್‌ನಲ್ಲಿ ಅಣೆಕಟ್ಟಿದೆ. ಅದರ ನೀರು ಶ್ಲೋಗನ್ನಿನ ತಿರುವನ್ನೂ ದಾಟಿ ಯೋಖೆನ್‌ಸ್ಟೈನಿನ ಬುಡದವರೆಗೆ ನಿಂತಿದೆ. ಅದು ಮುಗಿದ ವರ್ಷವನ್ನು ಅವಳು ಓದಿದಾಗ ಇಬ್ಬರೂ ಸುಮ್ಮನಾದೆವು. 1964. ಲಿಂಗನಮಕ್ಕಿಯ ವರ್ಷ.

ಅವತ್ತು ಮಧ್ಯಾಹ್ನ ದಂಡೆಯ ವಿಲ್ಲೋ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ರೈ ಬ್ರೆಡ್ಡು, ಚೀಸು, ಸೌತೆಕಾಯಿ, ತಂಗಿ ಮನೆಯಿಂದ ತಂದ ನಿಂಬೆ ಉಪ್ಪಿನಕಾಯಿ. ನಮ್ಮ ಮುಂದೆ ನೀರಿನಲ್ಲಿ ಒಂದು ಒಣ ರೆಂಬೆ ತೇಲುತ್ತಿತ್ತು. ಊಟ ಮುಗಿಸಿ ಕೈ ತೊಳೆಯಲು ಇಳಿದಾಗಲೂ ಅದು ಅಲ್ಲೇ ಇತ್ತು. ನಾಲ್ಕು ಮಾರು ಸರಿದಿರಬಹುದು, ಅಷ್ಟೇ. ಇಂಥ ನೀರನ್ನು ನಾನು ದೂರುವವಳಲ್ಲ. ಆಸ್ಟ್ರಿಯಾದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿನಿಂದಲೇ ಬರುತ್ತದೆ. ಶರಾವತಿಯ ಕರೆಂಟಿನಲ್ಲೇ ನಾನೂ ಕಾಲೇಜು ಓದಿದ್ದು. ಆದರೆ ಆ ಕರೆಂಟಿಗಾಗಿ ಊರು ಬಿಟ್ಟ ಅಮ್ಮನ ಮನೆಯವರಿಗೆ ಹೊಸ ಜಾಗದಲ್ಲಿ ದೀಪ ಬರಲು ಎಷ್ಟೋ ವರ್ಷ ಹಿಡಿಯಿತು. ಎರಡೂ ನಿಜವೇ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಲಿಂಟ್ಸ್‌ನಿಂದ ಮೌಟ್‌ಹೌಸೆನ್‌ಗೆ ಎಡದಂಡೆಯ ದಾರಿ ಸಪಾಟಾಗಿದೆ. ಹಡಗಿನಿಂದ ನೋಡುವವರಿಗೆ ಮೌಟ್‌ಹೌಸೆನ್ ಎಂದರೆ ಹಳದಿ, ಗುಲಾಬಿ ಬಣ್ಣದ ಮನೆಗಳ ಸಾಲು, ಕಿಟಕಿಯಲ್ಲಿ ಹೂಕುಂಡ. ಊರ ಹಿಂದಿನ ಏರನ್ನು ಸೈಕಲ್ಲಿನಲ್ಲಿ ಹತ್ತಿದರೆ ಕಲ್ಲಿನ ಕೋಟೆಯಂಥ ಗೋಡೆ ಸಿಗುತ್ತದೆ. ಹಿಟ್ಲರನ ಜನ 1938ರಲ್ಲಿ ಶುರುಮಾಡಿದ ಯಾತನಾ ಶಿಬಿರ ಅದು. ಮುಖ್ಯ ಶಿಬಿರಕ್ಕೂ ಅದರ ಉಪಶಿಬಿರಗಳಿಗೂ ಸೇರಿ ಸುಮಾರು 1,90,000 ಜನರನ್ನು ತಂದರು. ಕನಿಷ್ಠ 90,000 ಮಂದಿ ಸತ್ತರು. ಈ ಜಾಗವನ್ನು ಆರಿಸಿದ್ದೇ ಗ್ರಾನೈಟಿಗಾಗಿ. ಪಕ್ಕದ ಕಲ್ಲುಗಣಿ ವಿಯೆನ್ನಾ ನಗರದ ಆಸ್ತಿಯಾಗಿತ್ತು, ವಿಯೆನ್ನಾದ ಬೀದಿಗಳಿಗೆ ಹಾಸುಗಲ್ಲು ಇಲ್ಲಿಂದಲೇ ಹೋಗುತ್ತಿತ್ತು.

ಗಣಿಯ ತಳದಿಂದ ಮೇಲಕ್ಕೆ 186 ಮೆಟ್ಟಿಲುಗಳಿವೆ. ಕೈದಿಗಳು ಬೆನ್ನ ಮೇಲೆ ಕಲ್ಲು ಹೊತ್ತು ಸಾಲಾಗಿ ಇವನ್ನು ಹತ್ತಬೇಕಿತ್ತು. ಒಬ್ಬ ಬಿದ್ದರೆ ಹಿಂದಿನವರೂ ಉರುಳುತ್ತಿದ್ದರು. ಈಗ ಕಾಣುವ ಮೆಟ್ಟಿಲು ಆಮೇಲೆ ಸಮ ಮಾಡಿದ್ದು, ಆಗ ಒಂದೊಂದೂ ಒಂದೊಂದು ಎತ್ತರವಿತ್ತಂತೆ. ನಾನು ಮೇಲೆ ನಿಂತು ಕೆಳಗೆ ನೋಡಿದೆ. ಗಣಿಯ ತಳದಲ್ಲಿ ಈಗ ಹುಲ್ಲು, ಮರ, ಹಕ್ಕಿ ಕೂಗು. ಬ್ಯಾಟರಿ ಸೈಕಲ್ಲಿನಲ್ಲಿ ಬಂದರೂ ಏರು ಹತ್ತಿದ್ದಕ್ಕೆ ನನ್ನ ಮೀನಖಂಡ ಇನ್ನೂ ಬಿಗಿದುಕೊಂಡೇ ಇತ್ತು. ನೂರೆಂಬತ್ತಾರು ಎಂಬ ಅಂಕಿ ಆಗ ಮೈಗೆ ತಾಗಿತು. ಹಡಗಿನ ಕಿಟಕಿಯಿಂದ ಇದನ್ನು ದಾಟಿಹೋಗಿದ್ದರೆ ಹೂಕುಂಡದ ಊರು ಎಂದಷ್ಟೇ ಮನಸ್ಸಿನಲ್ಲಿ ಉಳಿಯುತ್ತಿತ್ತು ಎಂಬುದು ನೆನಪಾದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಅವತ್ತು ಸಂಜೆ ಹಡಗಿನ ಊಟದ ಮನೆಯಲ್ಲಿ ನಮ್ಮ ಮೇಜಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಗ್ರೈನ್ ಎಂಬ ಪುಟ್ಟ ಊರಿನಲ್ಲಿ 1791ರ ನಾಟಕಶಾಲೆಯೊಂದು ಇನ್ನೂ ನಡೆಯುತ್ತಿದೆ. ಕುರ್ಚಿಗಳಿಗೆ ಬೀಗ. ದುಡ್ಡು ಕಟ್ಟಿದವರ ಬಳಿ ಕೀಲಿ ಇರುತ್ತಿತ್ತು, ಅವರು ಬಂದಾಗಲೇ ಕುರ್ಚಿ ಬಿಡಿಸುವುದು. ಗ್ರೈನಿನ ಬಳಿ ಹಿಂದೆ ಭಯಂಕರ ಸುಳಿಗಳಿದ್ದು, ಎಷ್ಟೋ ದೋಣಿಗಳು ಮುಳುಗಿದವು. ಬಂಡೆಗಳನ್ನು ಸಿಡಿಸಿ, ಮುಂದೆ ಅಣೆಕಟ್ಟು ಕಟ್ಟಿದ ಮೇಲೆ ಅಲ್ಲಿಯೂ ನೀರು ಮಲಗಿದೆ. ಮೆಲ್ಕ್‌ನ ಮಠಕ್ಕೆ ಎಲ್ಲರೂ ಹೋಗುತ್ತಾರೆ, ನಾವೂ ಹೋದೆವು. 1089ರಿಂದ ಬೆನೆಡಿಕ್ಟೈನ್ ಸನ್ಯಾಸಿಗಳು ಇಲ್ಲಿದ್ದಾರೆ. ಈಗಿರುವ ಬಂಗಾರದ ಬಣ್ಣದ ಕಟ್ಟಡ ಹದಿನೆಂಟನೇ ಶತಮಾನದ್ದು. ಗ್ರಂಥಭಂಡಾರದ ತೊಗಲು ಹೊದಿಕೆಯ ಪುಸ್ತಕಗಳನ್ನು ಮುಟ್ಟಲು ಬಿಡುವುದಿಲ್ಲ. ಕಣ್ಣು ತುಂಬಿಕೊಂಡು ಬಂದೆವು.

ನಾನು ಕಾದಿದ್ದು ಮೆಲ್ಕ್‌ನ ಅಣೆಕಟ್ಟಿನ ಕೆಳಗಿನ ಹೊಳೆಗೆ. ಅಲ್ಲಿಂದ ಕ್ರೆಮ್ಸ್ ಸಮೀಪದವರೆಗೆ, ಮೂವತ್ತು ಕಿಲೋಮೀಟರಿನಷ್ಟು ದೂರ, ಡ್ಯಾನ್ಯೂಬಿಗೆ ಕಟ್ಟೆಯಿಲ್ಲ. ಆ ಕಣಿವೆಯ ಹೆಸರು ವಾಖಾವ್.

ಬೆಳಿಗ್ಗೆ ಎಂಟಕ್ಕೆ ಸೇತುವೆ ದಾಟಿ ಎಡದಂಡೆಗೆ ಬಂದೆವು. ಮೊದಲು ಕಿವಿಗೇ ವ್ಯತ್ಯಾಸ ತಿಳಿಯಿತು. ಹೊಳೆ ಸದ್ದು ಮಾಡುತ್ತಿತ್ತು. ದಡದ ಕಲ್ಲುಗಳ ಬಳಿ ನೀರು ತಡೆದು, ಮುರಿದು, ಮತ್ತೆ ಕೂಡಿಕೊಂಡು ಓಡುತ್ತಿತ್ತು. ಹಳದಿ ಬಣ್ಣದ ಗುರುತುಗಂಬವೊಂದು ನೀರಿನ ರಭಸಕ್ಕೆ ಬಾಗಿ ನಡುಗುತ್ತಿತ್ತು. ಎಲ್ಲಿಂದಲೋ ತೇಲಿಬಂದ ಮರದ ತುಂಡೊಂದು ನನ್ನ ಪಕ್ಕಕ್ಕೆ ಬಂತು. ನಾನು ಬ್ಯಾಟರಿ ಆರಿಸಿ, ಅವಸರವಿಲ್ಲದೆ ಪೆಡಲು ತುಳಿದೆ. ಅದೂ ಬಂತು. ಒಂದು ತೋಟ, ಒಂದು ಚರ್ಚು, ಮತ್ತೊಂದು ತೋಟ. ತುಂಡು ನನಗಿಂತ ಒಂದು ಸ್ವಲ್ಪ ಮುಂದೆ, ಆಮೇಲೆ ಒಂದು ಸ್ವಲ್ಪ ಹಿಂದೆ. ಮೂರ್ನಾಲ್ಕು ಕಿಲೋಮೀಟರ್ ಹೀಗೆ ಜೊತೆಗೆ ಹೋದೆವು. ದಡದಲ್ಲಿ ನದಿಯ ಕಿಲೋಮೀಟರ್ ಫಲಕಗಳಿವೆ. ಡ್ಯಾನ್ಯೂಬನ್ನು ಅಳೆಯುವುದು ಹುಟ್ಟಿನಿಂದಲ್ಲ, ಕಪ್ಪು ಸಮುದ್ರ ಸೇರುವ ಬಾಯಿಯಿಂದ. ಆದ್ದರಿಂದ ಕೆಳಕ್ಕೆ ಹೋದಂತೆ ಅಂಕಿ ಇಳಿಯುತ್ತದೆ. ಇನ್ನೆಷ್ಟು ಉಳಿಯಿತು ಎಂದು ಹೊಳೆಯೇ ಹೇಳಿಕೊಂಡು ಹೋಗುತ್ತಿದ್ದ ಹಾಗೆ: 2030, 2029, 2028. ಒಂದು ತಿರುವಿನಲ್ಲಿ ತುಂಡು ನಡುಹೊಳೆಗೆ ಸರಿದು ನನ್ನನ್ನು ಹಿಂದೆ ಬಿಟ್ಟಿತು.

ವಿಲೆನ್‌ಡಾರ್ಫ್‌ನಲ್ಲಿ ಸೈಕಲ್ ದಾರಿಯ ಪಕ್ಕವೇ, 1908ರಲ್ಲಿ ರೈಲು ಹಳಿ ಹಾಕುವಾಗ ಹನ್ನೊಂದು ಸೆಂಟಿಮೀಟರಿನ ಕಲ್ಲಿನ ಹೆಣ್ಣು ಸಿಕ್ಕಿದ್ದಳು. ವಯಸ್ಸು ಇಪ್ಪತ್ತೊಂಬತ್ತು ಸಾವಿರ ವರ್ಷಗಳಿಗೂ ಹೆಚ್ಚು. ಮೂಲ ಮೂರ್ತಿ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ, ಅದನ್ನು ಆಮೇಲೆ ನೋಡಿದೆ. ದಪ್ಪ ಹೊಟ್ಟೆ, ದೊಡ್ಡ ಮೊಲೆ, ಮುಖವಿಲ್ಲದ ತಲೆಯ ಸುತ್ತ ಹೆಣೆದ ಸಾಲುಗಳು. ಆ ಕಲ್ಲು ಈ ಕಡೆಯದಲ್ಲ, ಬಹುಶಃ ಆಲ್ಪ್ಸ್‌ನ ಆಚೆ ಉತ್ತರ ಇಟಲಿಯದು ಎಂದು 2022ರಲ್ಲಿ ವಿಜ್ಞಾನಿಗಳು ತೋರಿಸಿದರು. ಅವಳನ್ನು ಅಂಗೈಯಲ್ಲಿ ಹಿಡಿದುಕೊಂಡು ಅಷ್ಟು ದೂರ ನಡೆದವರು ಯಾರೋ ಇದ್ದರು.

ಸ್ಪಿಟ್ಸ್‌ನಲ್ಲಿ ಹೊಳೆ ದಾಟಬೇಕು. ಸೇತುವೆಯಿಲ್ಲ, ಕಡವು. ಎರಡು ದಂಡೆಗಳ ಎತ್ತರದ ಕಂಬಗಳ ನಡುವೆ ಉಕ್ಕಿನ ಹಗ್ಗ ಕಟ್ಟಿದ್ದಾರೆ. ಅದರ ಮೇಲೆ ಓಡುವ ರಾಟೆಯಿಂದ ಇಳಿಬಿಟ್ಟ ಇನ್ನೊಂದು ಹಗ್ಗಕ್ಕೆ ಚಪ್ಪಟೆ ದೋಣಿ. ನಾಲ್ಕಾರು ಕಾರು, ಹತ್ತಿಪ್ಪತ್ತು ಸೈಕಲ್ಲು ಹಿಡಿಯುತ್ತವೆ. ದೋಣಿಗೆ ಎಂಜಿನ್ ಇಲ್ಲ, ಹುಟ್ಟು ಇಲ್ಲ, ಜಲ್ಲೆಯೂ ಇಲ್ಲ. ಅಂಬಿಗ ಚುಕ್ಕಾಣಿಯ ಚಕ್ರವನ್ನು ಎರಡು ಸುತ್ತು ತಿರುಗಿಸಿದ. ದೋಣಿಯ ಮೂತಿ ಮೇಲ್ಹರಿವಿನ ಕಡೆಗೆ ಒಂದಿಷ್ಟು ಓರೆಯಾಯಿತು. ಓರೆಯಾದ ಮೈಗೆ ಹೊಳೆ ಬಂದು ಒತ್ತಿತು. ಹಗ್ಗ ಕೆಳಕ್ಕೆ ಕೊಚ್ಚಿಹೋಗಲು ಬಿಡದು. ಹಾಗಾಗಿ ದೋಣಿ ಅಡ್ಡಕ್ಕೆ, ಆಚೆ ದಂಡೆಯ ಕಡೆಗೆ, ತಾನಾಗಿ ಸರಿಯತೊಡಗಿತು. ಮೇಲೆ ರಾಟೆ ಕಿರ್‌ಗುಟ್ಟುತ್ತಿತ್ತು, ಅಡಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಬೇರೆ ಸದ್ದಿಲ್ಲ.

ನಾನು ಅಂಚಿಗೆ ಕೂತು ಮುಂಗೈವರೆಗೆ ಕೈ ಇಳಿಬಿಟ್ಟೆ. ಹೊಳೆ ಕೈಯನ್ನು ಎಳೆದುಕೊಂಡಿತು, ತಂಪು, ಬಲವಾಗಿ, ಯಾರೋ ಕರೆದುಕೊಂಡು ಹೋಗುವ ಹಾಗೆ.

"ನೀರು ನಿಂತುಹೋದರೆ ಈ ದೋಣಿ ಏನು ಮಾಡುತ್ತೆ ಅಂತ ಕೇಳೇ" ಎಂದೆ. ತಂಗಿ ಜರ್ಮನ್‌ನಲ್ಲಿ ಕೇಳಿದಳು. ಅಂಬಿಗನಿಗೆ ನಲವತ್ತರ ಆಸುಪಾಸು. ಅವನು ಮೇಲ್ಹರಿವಿನಿಂದ ಕಣ್ಣು ತೆಗೆಯದೆ ಉತ್ತರ ಕೊಟ್ಟ. ತಂಗಿ ಹೇಳಿದಳು: "ಹಾಗಾದರೆ ನಮ್ಮಪ್ಪ ಅಂದೇ ಬೇರೆ ಕೆಲಸ ಹುಡುಕಬೇಕಿತ್ತು ಅಂತಾನೆ."

ಅಂದು ಎಂದರೆ 1970ರ ದಶಕ. ಈ ಕಣಿವೆಗೂ ಒಂದು ಅಣೆಕಟ್ಟಿನ ನಕ್ಷೆ ಸಿದ್ಧವಾಗಿತ್ತು. ದ್ರಾಕ್ಷಿ ಬೆಳೆಯುವವರು, ಊರಿನ ಹಿರಿಯರು ಕೂಡಿಕೊಂಡು ಬೇಡವೆಂದರು, ವರ್ಷಗಟ್ಟಲೆ ಪಟ್ಟು ಬಿಡಲಿಲ್ಲ. ಯೋಜನೆ ಬಿದ್ದುಹೋಯಿತು. 2000ದಲ್ಲಿ ಯುನೆಸ್ಕೊ ವಾಖಾವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಅಜ್ಜನನ್ನು ಯಾರೂ ಕೇಳಿರಲಿಲ್ಲ. ನೋಟಿಸು ಬಂತು, ಲಾರಿ ಬಂತು, ಅಷ್ಟೇ ಎಂದು ಅಮ್ಮ ಹೇಳುತ್ತಿದ್ದಳು. ದೋಣಿ ದಡ ಮುಟ್ಟಿದಾಗ ನನ್ನ ಕೈ ಮರಗಟ್ಟಿತ್ತು.

ಬಲದಂಡೆಯ ಆರ್ನ್ಸ್‌ಡಾರ್ಫ್ ಕಡೆಗೆ ಮರಿಲ್ಲೆ ತೋಟಗಳು. ಏಪ್ರಿಕಾಟ್‌ಗೆ ಆಸ್ಟ್ರಿಯಾದವರ ಹೆಸರು ಅದು. ನಾವು ಹೋದದ್ದು ಜುಲೈ ನಡುವಿನಲ್ಲಿ, ಕೊಯ್ಲಿನ ದಿನಗಳಲ್ಲಿ. ಮರದಡಿಯಲ್ಲಿ ಏಣಿ, ಬುಟ್ಟಿ, ಜೇನುನೊಣ, ಬಿದ್ದ ಹಣ್ಣಿನ ಹುಳಿಸಿಹಿ ವಾಸನೆ. ಒಬ್ಬ ಅಜ್ಜಿ ದಾರಿಬದಿ ಮೇಜು ಹಾಕಿ ಕೂತಿದ್ದರು. ಅವರು ಕೊಟ್ಟ ಹಣ್ಣಿನ ಒಂದು ಕೆನ್ನೆ ಕೆಂಪು, ಒಂದು ಕೆನ್ನೆ ಹಳದಿ. ಬೆರಳಿನಲ್ಲಿ ಒತ್ತಿದರೆ ಎರಡು ಹೋಳಾಗಿ ಬೀಜ ತಾನೇ ಕಳಚಿಕೊಂಡಿತು. ಮಧ್ಯಾಹ್ನ ಅದೇ ಹಣ್ಣಿನ ಕಡುಬು ತಿಂದೆವು. ಬೀಜ ತೆಗೆದ ಜಾಗಕ್ಕೆ ಸಕ್ಕರೆಯ ತುಂಡು ಇಟ್ಟು, ಗಿಣ್ಣಿನಂಥ ಮೆತ್ತನೆಯ ಚೀಸಿನ ಹಿಟ್ಟಿನಲ್ಲಿ ಸುತ್ತಿ, ನೀರಿನಲ್ಲಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸುತ್ತಾರೆ. ಬಿಸಿ ಕಡುಬನ್ನು ಮುರಿದಾಗ ಕೇಸರಿ ರಸ ತಟ್ಟೆಗೆ ಇಳಿಯಿತು. ಚೌತಿಯ ದಿನ ಅಮ್ಮ ಮಾಡುತ್ತಿದ್ದ ಸಿಹಿಗಡುಬಿನಲ್ಲೂ ಹೀಗೇ ಬೆಲ್ಲ ಸೋರುತ್ತಿತ್ತು. ಇಬ್ಬರೂ ಮಾತಿಲ್ಲದೆ ಎರಡನೆಯದಕ್ಕೂ ಕೈ ಹಾಕಿದೆವು.

ಎದುರು ದಂಡೆಯ ಗುಡ್ಡಗಳಿಗೆ ನೂರಾರು ಅಡ್ಡಗೋಡೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದವು, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ. ಸ್ಪಿಟ್ಸ್‌ನ ಗುಡ್ಡವೊಂದಕ್ಕೆ ಸಾವಿರ ಬಕೆಟ್ಟಿನ ಗುಡ್ಡ ಎಂದೇ ಹೆಸರು, ಒಳ್ಳೆಯ ವರ್ಷ ಅಷ್ಟು ವೈನ್ ಕೊಡುತ್ತದೆಂದು. ಮಳೆಗೆ ಕುಸಿದ ಗೋಡೆಯೊಂದನ್ನು ಇಬ್ಬರು ಸರಿಮಾಡುತ್ತಿದ್ದುದನ್ನು ಮುಂದೆ ವೈಸೆನ್‌ಕಿರ್ಖೆನ್ ಬಳಿ ನೋಡಿದೆ. ಒಬ್ಬ ಒಂದು ಕಲ್ಲನ್ನು ಎತ್ತಿ, ತಿರುಗಿಸಿ, ಇಟ್ಟು, ತೆಗೆದು, ಮತ್ತೆ ತಿರುಗಿಸಿ ಇಟ್ಟ. ಮೂರನೇ ಸಲ ಅದು ಕೂತಿತು. ಅಂಗೈಯಿಂದ ತಟ್ಟಿ ಇನ್ನೊಂದಕ್ಕೆ ಕೈ ಚಾಚಿದ.

ಸಂಜೆ ಡ್ಯೂರ್ನ್‌ಸ್ಟೈನಿನ ಪಾಳುಕೋಟೆ ಹತ್ತಿದೆವು. ಇಂಗ್ಲೆಂಡಿನ ದೊರೆ ಒಂದನೇ ರಿಚರ್ಡ್ ಧರ್ಮಯುದ್ಧದಿಂದ ಮರಳುವಾಗ ಸಿಕ್ಕಿಬಿದ್ದು 1192ರ ಕೊನೆಯಿಂದ ಕೆಲವು ಕಾಲ ಇಲ್ಲಿ ಸೆರೆಯಲ್ಲಿದ್ದ. ಅವನ ಬಿಡುಗಡೆಗೆ ಕೊಟ್ಟ ಬೆಳ್ಳಿಯಿಂದ ಆಸ್ಟ್ರಿಯಾದವರು ಊರುಗಳಿಗೆ ಕೋಟೆ ಕಟ್ಟಿಸಿದರು. 1645ರಲ್ಲಿ ಸ್ವೀಡನ್ನಿನ ಸೈನ್ಯ ಈ ಕೋಟೆಯನ್ನು ಸಿಡಿಸಿತು. ಮೇಲಿನಿಂದ ಕಾಣುವ ಹೊಳೆ ಶ್ಲೋಗನ್ನಿನ ಹೊಳೆಯಲ್ಲ. ಇಳಿಬಿಸಿಲಿಗೆ ಅದರ ಮೈಯೆಲ್ಲ ಗೆರೆಗಳು, ಸುಳಿಗಳು, ನೆಯ್ಗೆಯ ಹಾಗೆ.

ಆಮೇಲೆ ಹಡಗು ಟ್ಸ್ವೆಂಟೆನ್‌ಡಾರ್ಫ್ ದಾಟಿತು. ಕಟ್ಟಿ ಮುಗಿಸಿದ ಅಣುಸ್ಥಾವರವನ್ನು 1978ರ ಜನಮತಗಣನೆಯಲ್ಲಿ ಕೂದಲೆಳೆಯ ಅಂತರದಲ್ಲಿ ಜನ ಬೇಡವೆಂದರು. ಅದು ಒಂದು ದಿನವೂ ಉರಿಯಲಿಲ್ಲ. ಕೈಗಾದ ಚರ್ಚೆ ಕೇಳುತ್ತ ಬೆಳೆದ ನಾನು ಆ ಬೂದು ಕಟ್ಟಡವನ್ನು ಕಣ್ಮರೆಯಾಗುವವರೆಗೆ ನೋಡಿದೆ. ವಿಯೆನ್ನಾದ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ.

ಕೊನೆಯ ದಿನ ವಿಯೆನ್ನಾದ ಕೆಳಗಿನ ಓರ್ಟ್ ಊರಿನಿಂದ ಸಣ್ಣ ದೋಣಿಯಲ್ಲಿ ಹೊಳೆಗಿಳಿದೆವು. ನಾವು ಎಂಟು ಜನ, ಒಬ್ಬಳು ಅರಣ್ಯ ಮಾರ್ಗದರ್ಶಿ. ಇಲ್ಲಿಂದ ಗಡಿಯವರೆಗೆ ಡ್ಯಾನ್ಯೂಬ್ ಮತ್ತೆ ಕಟ್ಟೆಯಿಲ್ಲದ ಹೊಳೆ, ಎರಡೂ ಕಡೆ ನೆರೆಗೆ ಮುಳುಗಿ ಏಳುವ ಕಾಡು. 1984ರ ಡಿಸೆಂಬರಿನಲ್ಲಿ ಹೈನ್‌ಬುರ್ಗ್ ಬಳಿ ಅಣೆಕಟ್ಟಿಗೆ ಮರ ಕಡಿಯಲು ಬಂದಾಗ ಸಾವಿರಾರು ಜನ ಹಿಮದಲ್ಲಿ ಗುಡಾರ ಹೂಡಿ ಈ ಕಾಡಿನಲ್ಲಿ ಮಲಗಿದರು. ಪೊಲೀಸರು ಲಾಠಿ ಬೀಸಿದರು. ವಿಯೆನ್ನಾದ ಬೀದಿಗಳು ತುಂಬಿದವು. ಕ್ರಿಸ್ಮಸ್‌ಗೆ ಮೊದಲು ಸರಕಾರ ಕೆಲಸ ನಿಲ್ಲಿಸಿತು. 1996ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಮೇಲಿನ ಕಟ್ಟೆಗಳು ಜಲ್ಲಿಯನ್ನು ತಡೆಯುವುದರಿಂದ ಇಲ್ಲಿ ಹೊಳೆಯ ತಳ ಸವೆಯುತ್ತಿದೆ, ಅದಕ್ಕಾಗಿ ಪ್ರತಿವರ್ಷ ಜಲ್ಲಿ ತಂದು ನದಿಗೆ ಸುರಿಯುತ್ತಾರೆ ಎಂದು ಆ ಹುಡುಗಿ ಹೇಳಿದಳು.

ನಡುಹೊಳೆಗೆ ಬಂದ ಮೇಲೆ ಅವಳು ಹುಟ್ಟುಗಳನ್ನು ಮೇಲೆತ್ತಿಸಿದಳು. ಬಾಗಿ, ದೋಣಿಯ ತಳಕ್ಕೆ ಕಿವಿ ಇಡಿ ಎಂದಳು. ನಾನು ಮಂಡಿಯೂರಿ ಕಿವಿ ಇಟ್ಟೆ. ಮೊದಲು ನನ್ನದೇ ಉಸಿರು ಕೇಳಿತು. ಆಮೇಲೆ ಅದರಡಿಯಿಂದ ಸಣ್ಣಗೆ, ಬಿಡುವಿಲ್ಲದೆ, ಸರಸರ, ಸರಸರ. ಮೊರದಲ್ಲಿ ರಾಗಿ ಜಾಡಿಸಿದಂಥ ಸದ್ದು. ನೀರು ಹೊತ್ತು ತರುವ ಮರಳಿನ ಕಣಗಳು ದೋಣಿಯ ಹೊಟ್ಟೆಯನ್ನು ಉಜ್ಜಿಕೊಂಡು ಹೋಗುತ್ತಿದ್ದವು. ತಂಗಿ ನನ್ನ ಪಕ್ಕದಲ್ಲೇ ಬಾಗಿ ಕಿವಿ ಇಟ್ಟಳು. ನಮ್ಮ ಮುಖಗಳ ನಡುವೆ ಗೇಣು ಅಂತರವಿತ್ತು. "ಕೇಳ್ತಾ ಅಕ್ಕಾ?" ಎಂದು ಅವಳ ಕಣ್ಣು ಕೇಳಿತು. ಹೂಂ ಎಂದೆ. ದೋಣಿ ತಾನಾಗಿ ಸಾಗುತ್ತಿತ್ತು.